ತಟ್ಟೆಯಿಂದ ತೆಗೆದಿರಿ ಸರಿ, ಆ ಜಾಗಕ್ಕೆ ಏನು ಬಂತು?

ಬೆಣ್ಣೆ ಒಳ್ಳೆಯದೋ ಕೆಟ್ಟದ್ದೋ? ಮೊಟ್ಟೆ ತಿನ್ನಬಹುದೋ ಬೇಡವೋ? ಕೊಬ್ಬರಿ ಎಣ್ಣೆ? ಈ ಪ್ರಶ್ನೆಗಳಿಗೆ ಕಳೆದ ಐವತ್ತು ವರ್ಷಗಳಲ್ಲಿ ಎಷ್ಟು ಬಗೆಯ ಉತ್ತರ ಬಂದಿವೆ ಅಂದರೆ, ಓದಿ ಓದಿ ತಲೆ ಕೆಡುತ್ತದೆ. ಒಂದು ವಾರ ಕೊಬ್ಬೇ ಖಳನಾಯಕ. ಮುಂದಿನ ವಾರ ಕೊಬ್ಬು ಪಾಪದ್ದು, ಸಕ್ಕರೆಯೇ ಕಳ್ಳ. ಕೊನೆಗೆ ಓದುಗರು 'ಇವರಿಗೇ ಗೊತ್ತಿಲ್ಲ, ಬಿಡು' ಅಂತ ಮೊದಲಿನ ಹಾಗೇ ತಿನ್ನುತ್ತಾರೆ. ಅವರನ್ನು ದೂರುವ ಹಾಗೂ ಇಲ್ಲ.

ಆದರೆ ವಿಷಯ ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2019ರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ 1.79 ಕೋಟಿ ಜನ ಸತ್ತರು. ಅಂದರೆ ಆ ವರ್ಷ ಜಗತ್ತಿನಲ್ಲಿ ಸತ್ತ ಪ್ರತಿ ಮೂವರಲ್ಲಿ ಹೆಚ್ಚುಕಡಿಮೆ ಒಬ್ಬರು. ಈ ಸಾವುಗಳಲ್ಲಿ 85% ಹೃದಯಾಘಾತ ಮತ್ತು ಪಾರ್ಶ್ವವಾಯುವಿನಿಂದ ಆದವು. ಇವುಗಳಲ್ಲಿ ದೊಡ್ಡ ಪಾಲಿಗೆ ಊಟಕ್ಕೂ ಸಂಬಂಧವಿದೆ ಅನ್ನುವುದರಲ್ಲಿ ತಜ್ಞರ ನಡುವೆ ಜಗಳವಿಲ್ಲ.

ಹಾಗಿದ್ದರೆ ಸುದ್ದಿಗಳಲ್ಲಿ ಇಷ್ಟು ಗೊಂದಲ ಏಕೆ? ನನ್ನ ಪ್ರಕಾರ ಕೇಳುವ ಪ್ರಶ್ನೆಯೇ ಅರ್ಧದ್ದು. ನಾವು ದಿನಕ್ಕೆ ತಿನ್ನುವ ಒಟ್ಟು ಪ್ರಮಾಣ ಹೆಚ್ಚುಕಡಿಮೆ ಒಂದೇ ಇರುತ್ತದೆ. ಒಂದನ್ನು ಬಿಟ್ಟರೆ ಹೊಟ್ಟೆ ಸುಮ್ಮನಿರುವುದಿಲ್ಲ, ಇನ್ನೊಂದನ್ನು ಕೇಳುತ್ತದೆ. ಹೃದಯಕ್ಕೆ ಲಾಭವೋ ನಷ್ಟವೋ ಅನ್ನುವುದು ಬಿಟ್ಟದ್ದರಿಂದ ಎಷ್ಟು ತೀರ್ಮಾನವಾಗುತ್ತದೋ, ಅದರ ಬದಲಿಗೆ ಬಂದದ್ದರಿಂದಲೂ ಅಷ್ಟೇ ತೀರ್ಮಾನವಾಗುತ್ತದೆ. 'ಯಾವುದಕ್ಕೆ ಬದಲು ಯಾವುದು?' ಅಂತ ಕೇಳಿ ನೋಡಿದರೆ, ಒಂದಕ್ಕೊಂದು ತದ್ವಿರುದ್ಧ ಅನ್ನಿಸುವ ಎಷ್ಟೋ ಅಧ್ಯಯನಗಳು ಒಂದೇ ಮಾತು ಹೇಳುತ್ತಿರುವುದು ಕಾಣುತ್ತದೆ.

ಕೊಬ್ಬಿನ ಕತೆ

ಮೊದಲು ದೇಹದೊಳಗೆ ನಡೆಯುವುದನ್ನು ನೋಡೋಣ. ರಕ್ತದಲ್ಲಿ ಕೊಲೆಸ್ಟ್ರಾಲನ್ನು ಹೊತ್ತು ತಿರುಗುವ ಕಣಗಳಲ್ಲಿ ಎಲ್‌ಡಿಎಲ್ ಮುಖ್ಯವಾದದ್ದು. ಇದು ಜಾಸ್ತಿಯಾದರೆ ರಕ್ತನಾಳದ ಗೋಡೆಯೊಳಗೆ ನುಗ್ಗಿ ಅಲ್ಲೇ ಉಳಿಯುತ್ತದೆ. ಅಲ್ಲಿ ಉರಿಯೂತ ಶುರುವಾಗುತ್ತದೆ, ವರ್ಷಗಟ್ಟಲೆ ಪದರ ಬೆಳೆಯುತ್ತದೆ. ಒಂದು ದಿನ ಆ ಪದರ ಒಡೆದು ರಕ್ತ ಹೆಪ್ಪುಗಟ್ಟಿದರೆ ಹೃದಯಾಘಾತ.

ಈ ಎಲ್‌ಡಿಎಲ್ ಕಣಗಳನ್ನು ರಕ್ತದಿಂದ ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳು ಲಿವರ್ ಜೀವಕೋಶಗಳ ಮೇಲೆ ಇರುತ್ತವೆ. ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಎಂಬ ಇಬ್ಬರು ವಿಜ್ಞಾನಿಗಳು ಇದನ್ನು ಬಿಡಿಸಿ ತೋರಿಸಿದರು. 1985ರಲ್ಲಿ ಅವರಿಗೆ ನೊಬೆಲ್ ಬಂತು. ಬೆಣ್ಣೆ, ಕೊಬ್ಬಿನ ಮಾಂಸ, ತಾಳೆ ಎಣ್ಣೆಗಳಲ್ಲಿ ಹೆಚ್ಚಾಗಿರುವ ಸ್ಯಾಚುರೇಟೆಡ್ ಕೊಬ್ಬು ಈ ಗ್ರಾಹಕಗಳ ಕೆಲಸವನ್ನು ಕುಗ್ಗಿಸುತ್ತದೆ. ಆಗ ಎಲ್‌ಡಿಎಲ್ ರಕ್ತದಲ್ಲೇ ಹೆಚ್ಚು ಹೊತ್ತು ಸುತ್ತುತ್ತಿರುತ್ತದೆ. ಸೂರ್ಯಕಾಂತಿ, ಸೋಯಾ, ಸಾಸಿವೆ ಜಾತಿಯ ಬೀಜಗಳ ಎಣ್ಣೆಗಳಲ್ಲಿರುವ ಅನ್‌ಸ್ಯಾಚುರೇಟೆಡ್ ಕೊಬ್ಬಿನ ಪರಿಣಾಮ ಇದಕ್ಕೆ ವಿರುದ್ಧ.

ಇಲ್ಲಿಂದ 'ಕೊಬ್ಬು ಕಡಿಮೆ ಮಾಡಿ' ಅನ್ನುವ ಸಲಹೆ ಹುಟ್ಟಿತು. ಯಾವ ಕೊಬ್ಬು, ಅದರ ಬದಲಿಗೆ ಏನು ಅನ್ನುವ ವಿವರ ಮಾತ್ರ ದಾರಿಯಲ್ಲೇ ಬಿದ್ದುಹೋಯಿತು. ಅದರ ಫಲ ನೋಡಬೇಕಾದರೆ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ಭಾರೀ ಪ್ರಯೋಗ ಸಾಕು. 48,835 ಮಹಿಳೆಯರು, ಸುಮಾರು 8 ವರ್ಷ. ಒಂದು ಗುಂಪಿಗೆ ಒಟ್ಟು ಕೊಬ್ಬನ್ನು ಇಳಿಸಿ, ತರಕಾರಿ, ಹಣ್ಣು, ಧಾನ್ಯ ಹೆಚ್ಚಿಸಲು ತರಬೇತಿ ಕೊಟ್ಟರು. 2006ರಲ್ಲಿ ಫಲಿತಾಂಶ ಬಂತು. ಹೃದಯದ ಕಾಯಿಲೆ ಕಡಿಮೆಯಾಗಿರಲಿಲ್ಲ. ಕಾರಣ ಹುಡುಕುವುದು ಕಷ್ಟವಲ್ಲ. ಅವರು ಎಲ್ಲ ಬಗೆಯ ಕೊಬ್ಬನ್ನೂ ಒಟ್ಟಿಗೆ ಇಳಿಸಿದ್ದರು, ಒಳ್ಳೆಯದನ್ನೂ ಸೇರಿಸಿ. ಆ ಜಾಗವನ್ನು ಬಹುಪಾಲು ಪಿಷ್ಟ ತುಂಬಿತ್ತು. ಎಲ್‌ಡಿಎಲ್‌ನಲ್ಲಿ ಎರಡು ಗುಂಪುಗಳ ನಡುವಿನ ವ್ಯತ್ಯಾಸ ಪ್ರತಿ ಡೆಸಿಲೀಟರಿಗೆ ಸುಮಾರು 3.5 ಮಿಲಿಗ್ರಾಂ ಅಷ್ಟೇ.

ಅದೇ ಫ್ರಾನ್ಸಿನ ಲಿಯೋನ್ ನಗರದಲ್ಲಿ 1990ರ ದಶಕದಲ್ಲಿ ನಡೆದ ಪ್ರಯೋಗ ನೋಡಿ. ಒಮ್ಮೆ ಹೃದಯಾಘಾತವಾಗಿ ಬದುಕುಳಿದ 605 ಜನ. ಇಲ್ಲಿ ಬೆಣ್ಣೆ, ಕೆನೆಯನ್ನು ತೆಗೆದು ಆ ಜಾಗಕ್ಕೆ ಒಮೆಗಾ 3 ಎಂಬ ಅನ್‌ಸ್ಯಾಚುರೇಟೆಡ್ ಕೊಬ್ಬಿರುವ ಸಸ್ಯದೆಣ್ಣೆಯಿಂದ ಮಾಡಿದ, ಬೆಣ್ಣೆಯಂತೆ ಹಚ್ಚಿಕೊಳ್ಳುವ ವಿಶೇಷ ಮಾರ್ಗರೀನ್ ಕೊಟ್ಟರು. ಕೆಂಪು ಮಾಂಸದ ಬದಲು ಮೀನು, ಕಾಳು, ತರಕಾರಿ. ಹಣ್ಣು ದಿನವೂ. ಸುಮಾರು ನಾಲ್ಕು ವರ್ಷಗಳ ಫಲಿತಾಂಶ 1999ರಲ್ಲಿ ಪ್ರಕಟವಾದಾಗ, ಮತ್ತೆ ಹೃದಯಾಘಾತವಾಗುವ ಅಪಾಯ 50ರಿಂದ 70% ಕಡಿಮೆ ಇತ್ತು. ಗುಂಪು ಚಿಕ್ಕದು, ಹಾಗಾಗಿ ಆ ಸಂಖ್ಯೆಯನ್ನು ಹಾಗೆಹಾಗೇ ಎಲ್ಲರಿಗೂ ಅನ್ವಯಿಸುವುದು ತಪ್ಪು. ದಿಕ್ಕು ಮಾತ್ರ ಸ್ಪಷ್ಟ.

ಸ್ಪೇನಿನಲ್ಲಿ 7,447 ಜನರ ಮೇಲೆ ನಡೆದ ಪ್ರೆಡಿಮೆಡ್ ಪ್ರಯೋಗವೂ ಇದೇ ದಿಕ್ಕಿನದು. ಒಂದು ಗುಂಪಿಗೆ ಧಾರಾಳವಾಗಿ ಆಲಿವ್ ಎಣ್ಣೆ, ಇನ್ನೊಂದಕ್ಕೆ ದಿನಕ್ಕೆ 30 ಗ್ರಾಂ ಅಕ್ರೋಟು, ಬಾದಾಮಿ, ಹೇಜಲ್‌ನಟ್. ಮೂರನೆಯ ಗುಂಪಿಗೆ 'ಕೊಬ್ಬು ಕಡಿಮೆ ಮಾಡಿ' ಅನ್ನುವ ಮಾಮೂಲಿ ಸಲಹೆ. ಮೊದಲ ಎರಡು ಗುಂಪುಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಮತ್ತು ಇವುಗಳಿಂದಾದ ಸಾವು ಒಟ್ಟು ಸೇರಿ ಸುಮಾರು 30% ಕಡಿಮೆ. 2013ರ ಈ ವರದಿಯನ್ನು, ಜನರನ್ನು ಗುಂಪುಗಳಿಗೆ ಹಂಚಿದ ರೀತಿಯಲ್ಲಿ ಲೋಪ ಕಂಡಿದ್ದರಿಂದ, 2018ರಲ್ಲಿ ಲೇಖಕರೇ ಹಿಂತೆಗೆದುಕೊಂಡರು. ಲೆಕ್ಕವನ್ನು ಮತ್ತೆ ಮಾಡಿ ಮತ್ತೆ ಪ್ರಕಟಿಸಿದರು. ಉತ್ತರ ಹೆಚ್ಚು ಬದಲಾಗಲಿಲ್ಲ. ಆದರೂ ಇದನ್ನು ಹೇಳದೆ ಪ್ರೆಡಿಮೆಡ್ ಹೆಸರೆತ್ತುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನ.

ಇನ್ನು 'ಬೆಣ್ಣೆ ವಾಪಸ್ ಬಂತು' ಅನ್ನುವ ಸುದ್ದಿಗಳಿಗೆ ಬರೋಣ. 2014ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿದ ವಿಶ್ಲೇಷಣೆಯೊಂದು, ಸ್ಯಾಚುರೇಟೆಡ್ ಕೊಬ್ಬಿಗೂ ಹೃದಯದ ಕಾಯಿಲೆಗೂ ಸ್ಪಷ್ಟ ನಂಟು ಕಾಣಲಿಲ್ಲ ಅಂದಿತು. ಮಾಧ್ಯಮಗಳಿಗೆ ಹಬ್ಬ. ಅದು ಸ್ಯಾಚುರೇಟೆಡ್ ಕೊಬ್ಬು ಹೆಚ್ಚು ತಿನ್ನುವವರನ್ನೂ ಕಡಿಮೆ ತಿನ್ನುವವರನ್ನೂ ಹೋಲಿಸಿತ್ತು, ನಿಜ. ಆದರೆ ಕಡಿಮೆ ತಿನ್ನುವವರು ಬದಲಿಗೆ ಏನು ತಿನ್ನುತ್ತಿದ್ದರು? ಮೈದಾ, ಸಕ್ಕರೆಯ ತಿನಿಸುಗಳೇ ಆಗಿದ್ದರೆ ಇಬ್ಬರ ಹೃದಯಕ್ಕೂ ಒಂದೇ ಗತಿ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2017ರಲ್ಲಿ ಪ್ರಯೋಗಗಳನ್ನು ಮತ್ತೆ ಪರಿಶೀಲಿಸಿ ಹೇಳಿದ್ದು ಇದನ್ನೇ: ಸ್ಯಾಚುರೇಟೆಡ್ ಕೊಬ್ಬಿನ ಬದಲು ಸೋಯಾದಂಥ ಪಾಲಿಅನ್‌ಸ್ಯಾಚುರೇಟೆಡ್ (ಅನ್‌ಸ್ಯಾಚುರೇಟೆಡ್ ಕೊಬ್ಬಿನ ಒಂದು ಬಗೆ) ಎಣ್ಣೆ ಬಳಸಿದಾಗ ಅಪಾಯ ಸುಮಾರು 30% ಇಳಿಯಿತು. ಅದರ ಬದಲು ನುಣ್ಣಗೆ ಸಂಸ್ಕರಿಸಿದ ಪಿಷ್ಟ, ಸಕ್ಕರೆ ಬಂದಾಗ ಇಳಿಯಲಿಲ್ಲ.

ಕೊಬ್ಬರಿ ಎಣ್ಣೆಯ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಅದರಲ್ಲಿ 80%ಕ್ಕೂ ಹೆಚ್ಚು ಸ್ಯಾಚುರೇಟೆಡ್ ಕೊಬ್ಬು. ಬೆಣ್ಣೆಯ ತೂಕದಲ್ಲಿ ಸುಮಾರು ಅರ್ಧ, ತಾಳೆ ಎಣ್ಣೆಯಲ್ಲೂ ಸುಮಾರು ಅರ್ಧ. ಆಲಿವ್ ಎಣ್ಣೆಯಲ್ಲಿ 14%, ಸೂರ್ಯಕಾಂತಿಯಲ್ಲಿ ಸುಮಾರು 11%. ಗಿಡದಿಂದ ಬಂದದ್ದು ಎಂಬ ಒಂದೇ ಕಾರಣಕ್ಕೆ ಎಣ್ಣೆ ಹೃದಯಕ್ಕೆ ಒಳ್ಳೆಯದಾಗುವುದಿಲ್ಲ.

ಮೊಟ್ಟೆಯ ವಿಷಯ ಬೇಗ ಮುಗಿಸಬಹುದು. ಒಂದು ಮೊಟ್ಟೆಯ ಹಳದಿಯಲ್ಲಿ ಸುಮಾರು 186 ಮಿಲಿಗ್ರಾಂ ಕೊಲೆಸ್ಟ್ರಾಲ್ ಇದೆ. ಆದರೆ ತಿಂದ ಕೊಲೆಸ್ಟ್ರಾಲ್‌ಗಿಂತ ತಿಂದ ಸ್ಯಾಚುರೇಟೆಡ್ ಕೊಬ್ಬೇ ಹೆಚ್ಚಿನವರ ಎಲ್‌ಡಿಎಲನ್ನು ಜಾಸ್ತಿ ಏರಿಸುತ್ತದೆ. ಅಮೆರಿಕದ ಆಹಾರ ಮಾರ್ಗಸೂಚಿ 2015ರಲ್ಲಿ ದಿನಕ್ಕೆ 300 ಮಿಲಿಗ್ರಾಂ ಎಂಬ ಮಿತಿಯನ್ನು ಕೈಬಿಟ್ಟಿತು. ಮೊಟ್ಟೆಯ ಜೊತೆಗೆ ತಟ್ಟೆಯಲ್ಲಿ ಏನಿದೆ ಅನ್ನುವುದನ್ನು ನೋಡುವುದು ಹೆಚ್ಚು ಉಪಯೋಗ.

ತಪ್ಪು ಬದಲಿ ಎಂದರೆ ಏನು

ಬದಲಿಗೆ ಬಂದದ್ದು ಮೊದಲಿನದಕ್ಕಿಂತ ಕೆಟ್ಟದಾದ ಉದಾಹರಣೆ ಬೇಕಾದರೆ ಟ್ರಾನ್ಸ್ ಫ್ಯಾಟ್ ಇದೆ. ದ್ರವ ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡುವಾಗ ಇದು ಹುಟ್ಟುತ್ತದೆ. ಆ ವಿಧಾನ 20ನೇ ಶತಮಾನದ ಮೊದಲಲ್ಲೇ ಬಂತು. ಅಗ್ಗ, ಬೇಗ ಕೆಡುವುದಿಲ್ಲ, ಬಿಸ್ಕೆಟ್ ಗರಿಗರಿ. ಬೆಣ್ಣೆ ಹೃದಯಕ್ಕೆ ಕೆಟ್ಟದ್ದು ಅಂತ ಗೊತ್ತಾದ ಮೇಲೆ ಅದರ ಬದಲು ಈ ಗಟ್ಟಿ ಮಾರ್ಗರೀನ್ ಒಳ್ಳೆಯದು ಅಂತ ಲಕ್ಷಾಂತರ ಜನ ನಂಬಿ ತಿಂದರು. 1990ರಲ್ಲಿ ನೆದರ್‌ಲೆಂಡ್ಸಿನ ಇಬ್ಬರು ಸಂಶೋಧಕರು, ಮೆನ್ಸಿಂಕ್ ಮತ್ತು ಕಟಾನ್, ಇದು ಎಲ್‌ಡಿಎಲನ್ನು ಏರಿಸುವುದರ ಜೊತೆಗೆ ಕೊಲೆಸ್ಟ್ರಾಲ್ ಹೊರುವ, ಒಳ್ಳೆಯದೆನಿಸಿದ ಇನ್ನೊಂದು ಕಣ ಎಚ್‌ಡಿಎಲನ್ನೂ ಇಳಿಸುತ್ತದೆ ಅಂತ ತೋರಿಸಿದರು. ದಿನದ ಕ್ಯಾಲೊರಿಯಲ್ಲಿ ಬರೀ 2% ಟ್ರಾನ್ಸ್ ಫ್ಯಾಟ್‌ನಿಂದ ಬಂದರೂ ಹೃದಯದ ಕಾಯಿಲೆಯ ಅಪಾಯ 23% ಹೆಚ್ಚು ಅಂತ 2006ರ ವಿಶ್ಲೇಷಣೆಯೊಂದು ಲೆಕ್ಕ ಹಾಕಿತು. ಡೆನ್ಮಾರ್ಕ್ 2003ರಲ್ಲೇ ಕಾನೂನಿನ ಮೂಲಕ ಇದಕ್ಕೆ ಕಡಿವಾಣ ಹಾಕಿತು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಜಗತ್ತಿನಾದ್ಯಂತ ಇದನ್ನು ತೊಲಗಿಸಲು ಕರೆ ಕೊಟ್ಟಿತು. ಪ್ಯಾಕೆಟಿನ ಹಿಂಭಾಗದಲ್ಲಿ 'ಭಾಗಶಃ ಹೈಡ್ರೋಜನೀಕರಿಸಿದ ಎಣ್ಣೆ' ಅಂತ ಕಂಡರೆ ವಾಪಸ್ ಇಡಿ. ಇದರಲ್ಲಿ ಹಿಂದೆಮುಂದೆ ನೋಡುವಂಥದ್ದು ಏನೂ ಇಲ್ಲ.

ಎರಡನೇ ತಪ್ಪು ಬದಲಿ ಸಕ್ಕರೆ. ಕೊಬ್ಬು ತೆಗೆದ ತಿನಿಸಿಗೆ ರುಚಿ ಇರುವುದಿಲ್ಲ, ಅಲ್ವಾ? ಕಂಪನಿಗಳು ಆ ಕೊರತೆಯನ್ನು ಸಕ್ಕರೆಯಿಂದ ತುಂಬಿದವು. ಮೇಲೆ 'ಲೋ ಫ್ಯಾಟ್' ಅಂತ ದೊಡ್ಡ ಅಕ್ಷರ. ಇದರ ಹಿಂದೆ ಒಂದು ಕೊಳಕು ಇತಿಹಾಸವೂ ಇದೆ. ಹೃದಯದ ಕಾಯಿಲೆಗೆ ಕೊಬ್ಬನ್ನು ಹೊಣೆ ಮಾಡಿ ಸಕ್ಕರೆಯ ಪಾತ್ರವನ್ನು ಹಗುರ ಮಾಡಿದ 1967ರ ಒಂದು ಪ್ರಮುಖ ವಿಮರ್ಶಾ ಲೇಖನಕ್ಕೆ ಸಕ್ಕರೆ ಉದ್ಯಮದ ಸಂಸ್ಥೆಯೇ ಹಣ ಕೊಟ್ಟಿತ್ತು. ಹಳೆಯ ದಾಖಲೆಗಳಿಂದ ಇದು ಹೊರಬಿದ್ದದ್ದು 2016ರಲ್ಲಿ.

ದಿನದ ಕ್ಯಾಲೊರಿಯಲ್ಲಿ 10%ಕ್ಕಿಂತ ಕಡಿಮೆ ಮಾತ್ರ ಸಕ್ಕರೆಯಿಂದ ಬರಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ, 5%ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. 2,000 ಕ್ಯಾಲೊರಿ ತಿನ್ನುವವರಿಗೆ 10% ಅಂದರೆ 50 ಗ್ರಾಂ, ಸುಮಾರು 12 ಚಮಚ. ಜೇನುತುಪ್ಪ ಮತ್ತು ಹಣ್ಣಿನ ರಸವೂ ಈ ಲೆಕ್ಕಕ್ಕೆ ಸೇರುತ್ತವೆ ಅನ್ನುವುದನ್ನು ತುಂಬ ಜನ ಗಮನಿಸುವುದಿಲ್ಲ. ಇಡೀ ಹಣ್ಣು ಸೇರುವುದಿಲ್ಲ. ಅದರ ನಾರು, ಅಗಿಯುವ ಶ್ರಮ ಎರಡೂ ಸಕ್ಕರೆಯ ಓಟಕ್ಕೆ ತಡೆ ಹಾಕುತ್ತವೆ.

ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ತಿನಿಸುಗಳದ್ದು ಬೇರೆಯೇ ತೊಂದರೆ. ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್‌ನಲ್ಲಿ ಕೆವಿನ್ ಹಾಲ್ ತಂಡ 20 ಜನರನ್ನು ಒಂದು ತಿಂಗಳು ಅಲ್ಲೇ ಇರಿಸಿಕೊಂಡಿತು. ಎರಡು ವಾರ ಇಂಥ ತಿನಿಸು, ಎರಡು ವಾರ ಸಾದಾ ಅಡುಗೆ. ಎರಡೂ ಕಡೆ ಬಡಿಸಿದ ಊಟದ ಸಕ್ಕರೆ, ಕೊಬ್ಬು, ಉಪ್ಪು, ನಾರು ಸಮ. ಬೇಕಾದಷ್ಟು ತಿನ್ನಿ ಅಂದರು. ಸಂಸ್ಕರಿಸಿದ ತಿನಿಸಿನ ವಾರಗಳಲ್ಲಿ ಜನ ತಮಗೆ ಗೊತ್ತಿಲ್ಲದೆ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು. ಎರಡು ವಾರಕ್ಕೆ ತೂಕ ಸರಾಸರಿ 0.9 ಕಿಲೋ ಏರಿತು. ಸಾದಾ ಅಡುಗೆಯ ವಾರಗಳಲ್ಲಿ ಅಷ್ಟೇ ಇಳಿಯಿತು. 2019ರ ಈ ಪ್ರಯೋಗ ಚಿಕ್ಕದಾದರೂ ಅಚ್ಚುಕಟ್ಟಾದದ್ದು. ತಿನ್ನುವ ಆಸೆಗೆ ಕಡಿವಾಣ ಇಲ್ಲದವರು ಅಂತ ನಾವು ಯಾರನ್ನಾದರೂ ಬೈಯುವ ಮುಂಚೆ ಅವರ ಎದುರಿಗೆ ಏನನ್ನು ಇಟ್ಟಿದ್ದಾರೆ ಅಂತ ನೋಡಬೇಕು.

ಸೇರಿಸಬೇಕಾದದ್ದು

ಹೃದಯದ ಊಟ ಅಂದ ಕೂಡಲೇ ಬಿಡಬೇಕಾದವುಗಳ ಪಟ್ಟಿ ಕಣ್ಣ ಮುಂದೆ ಬರುತ್ತದೆ. ಅದಕ್ಕಿಂತ ಕೆಲಸಕ್ಕೆ ಬರುವುದು ಸೇರಿಸಬೇಕಾದವು. ನಾರನ್ನೇ ತೆಗೆದುಕೊಳ್ಳಿ. ಓಟ್ಸ್, ಬಾರ್ಲಿ, ಕಾಳು, ಸೇಬು ಇವುಗಳಲ್ಲಿರುವ, ನೀರಿನಲ್ಲಿ ಲೋಳೆಯಾಗುವ ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಲಿವರ್ ಮತ್ತೆ ಪಿತ್ತರಸ ತಯಾರಿಸಬೇಕು. ಅದಕ್ಕೆ ಕಚ್ಚಾವಸ್ತು ಕೊಲೆಸ್ಟ್ರಾಲ್. ರಕ್ತದಿಂದ ಎಲ್‌ಡಿಎಲನ್ನು ಎಳೆದುಕೊಳ್ಳದೆ ಅದಕ್ಕೆ ಬೇರೆ ದಾರಿಯಿಲ್ಲ. ದಿನಕ್ಕೆ ಓಟ್ಸಿನ ಈ ಲೋಳೆ ನಾರು 3 ಗ್ರಾಂ, ಅಂದರೆ ಸುಮಾರು 75 ಗ್ರಾಂ ಓಟ್ಸ್, ಎಲ್‌ಡಿಎಲನ್ನು ಸುಮಾರು 5% ಇಳಿಸುತ್ತದೆ. ಎಲ್ಲ ಬಗೆಯ ನಾರು ಸೇರಿ ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ, ಹಣ್ಣು-ತರಕಾರಿ ಕನಿಷ್ಠ 400 ಗ್ರಾಂ ಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಆಲೂಗಡ್ಡೆ ಈ 400 ಗ್ರಾಂನಲ್ಲಿ ಸೇರುವುದಿಲ್ಲ.

5% ಅಂದರೆ ಅಷ್ಟೇನಾ ಅನ್ನಿಸಬಹುದು. ಇಂಥ ಸಣ್ಣ ಸಣ್ಣ ಲಾಭಗಳನ್ನು ಒಟ್ಟು ಸೇರಿಸಿದರೆ ಏನಾಗುತ್ತದೆ ಅಂತ ಕೆನಡಾದ ಡೇವಿಡ್ ಜೆಂಕಿನ್ಸ್ ತಂಡ ನೋಡಿತು. ಲೋಳೆ ನಾರು, ಸೋಯಾ, ಬಾದಾಮಿ, ಸಸ್ಯ ಸ್ಟೆರಾಲ್ (ಕೊಲೆಸ್ಟ್ರಾಲನ್ನು ಹೋಲುವ ಸಸ್ಯಜನ್ಯ ವಸ್ತು) ಎಲ್ಲವನ್ನೂ ಒಂದೇ ಊಟದ ಕ್ರಮದಲ್ಲಿ ಸೇರಿಸಿ, ಆಹಾರವನ್ನು ತಾವೇ ಒದಗಿಸಿ ಒಂದು ತಿಂಗಳು ನಡೆಸಿದ ಪ್ರಯೋಗದಲ್ಲಿ ಎಲ್‌ಡಿಎಲ್ ಸುಮಾರು 29% ಇಳಿಯಿತು. ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಜಾತಿಯ ಲೋವಾಸ್ಟಾಟಿನ್ ಮಾತ್ರೆ ಕೊಟ್ಟ ಗುಂಪಿನಲ್ಲಿ 31%. ಇದು 2003ರ ಮಾತು. ಅದೇ ತಂಡ ಮುಂದೆ ಸುಮಾರು 350 ಜನರಿಗೆ ಊಟ ಕೊಡದೆ ಬರೀ ಸಲಹೆ ಕೊಟ್ಟು ಆರು ತಿಂಗಳು ನೋಡಿತು. 2011ರಲ್ಲಿ ಬಂದ ಉತ್ತರ ಸುಮಾರು 13%. ಅರ್ಧಕ್ಕೂ ಕಡಿಮೆ. ಆಹಾರ ಎರಡರಲ್ಲೂ ಒಂದೇ. ನಡುವಿನ ವ್ಯತ್ಯಾಸ ಕೆಲಸ, ಮನೆ, ಸುಸ್ತು, ಬೇಸರ, ನೆಂಟರಿಷ್ಟರು ಇರುವ ಬದುಕಿನದು. ಊಟದ ಬಗ್ಗೆ ಬರೆಯುವವರು ಮೊದಲ ಸಂಖ್ಯೆಯನ್ನು ಮಾತ್ರ ಹೇಳುತ್ತಾರೆ. ನನಗೆ ಎರಡನೆಯದೇ ಮುಖ್ಯ ಅನ್ನಿಸುತ್ತದೆ. ಅಷ್ಟೆಲ್ಲ ಅಡೆತಡೆಯ ನಡುವೆಯೂ 13% ಇಳಿದಿದೆಯಲ್ಲ!

ಮಾತ್ರೆ ರೂಪದ ಅಡ್ಡದಾರಿ ಅಷ್ಟಾಗಿ ಫಲ ಕೊಟ್ಟಿಲ್ಲ. ಒಮೆಗಾ 3 ಮಾತ್ರೆಯನ್ನು 25,871 ಆರೋಗ್ಯವಂತರ ಮೇಲೆ ಪರೀಕ್ಷಿಸಿದ ವೈಟಲ್ ಪ್ರಯೋಗದಲ್ಲಿ, ಹೃದಯಾಘಾತ, ಪಾರ್ಶ್ವವಾಯು ಮತ್ತು ಇವುಗಳ ಸಾವನ್ನು ಒಟ್ಟು ಸೇರಿಸಿ ನೋಡಿದಾಗ ಗಮನಾರ್ಹ ಲಾಭ ಕಾಣಲಿಲ್ಲ. ವಿಟಮಿನ್ ಇ ಮಾತ್ರೆಯ ಕತೆಯೂ ಅಷ್ಟೇ. ಮೀನು, ಬೀಜ ತಿಂದಾಗ ಒಮೆಗಾ 3 ಸಿಗುವುದರ ಜೊತೆಗೆ ಅವು ತಟ್ಟೆಯಲ್ಲಿ ಬೇರೆ ಯಾವುದನ್ನೋ ಪಕ್ಕಕ್ಕೆ ಸರಿಸುತ್ತವೆ. ಮಾತ್ರೆ ಯಾವುದನ್ನೂ ಸರಿಸುವುದಿಲ್ಲ.

ಉಪ್ಪು: ಬದಲಿ ಸಿಕ್ಕ ಅಪರೂಪದ ಜಾಗ

ಕೊಲೆಸ್ಟ್ರಾಲ್ ಅರ್ಧ ಕತೆ. ಇನ್ನರ್ಧ ರಕ್ತದೊತ್ತಡ. ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ಒಂದು ಟೀ ಚಮಚಕ್ಕೂ ಕಡಿಮೆ. ಜಗತ್ತಿನ ಸರಾಸರಿ ಬಳಕೆ ಮಾತ್ರ ಸುಮಾರು 10.8 ಗ್ರಾಂ, ಮಿತಿಯ ಎರಡು ಪಟ್ಟಿಗೂ ಜಾಸ್ತಿ.

ಆದರೆ ಉಪ್ಪನ್ನು ಮುಟ್ಟದೆಯೂ ಬಿಪಿ ಇಳಿಸಬಹುದು ಅಂತ 1997ರಲ್ಲಿ ಅಮೆರಿಕದ ಡ್ಯಾಶ್ ಪ್ರಯೋಗ ತೋರಿಸಿತು. 459 ಜನರಿಗೆ ಎಂಟು ವಾರ ಊಟ ಒದಗಿಸಿದರು. ಉಪ್ಪು ಎಲ್ಲರಿಗೂ ಸಮ, ತೂಕವೂ ಬದಲಾಗದ ಹಾಗೆ ನೋಡಿಕೊಂಡರು. ಒಂದು ಗುಂಪಿಗೆ ಮಾತ್ರ ಹಣ್ಣು, ತರಕಾರಿ, ಕೆನೆ ತೆಗೆದ ಹಾಲಿನ ಪದಾರ್ಥ ಹೆಚ್ಚು, ಸ್ಯಾಚುರೇಟೆಡ್ ಕೊಬ್ಬು ಕಡಿಮೆ. ಮೊದಲೇ ಬಿಪಿ ಇದ್ದವರಲ್ಲಿ ಮೇಲಿನ ಸಂಖ್ಯೆ 11.4, ಕೆಳಗಿನದು 5.5 ಇಳಿಯಿತು. ಒಂದು ಮಾತ್ರೆಯಿಂದ ಆಗುವಷ್ಟೇ ಇಳಿಕೆ, ಅದೂ ಎರಡೇ ವಾರದಲ್ಲಿ ಕಾಣತೊಡಗಿತ್ತು. 2001ರ ಮುಂದಿನ ಪ್ರಯೋಗದಲ್ಲಿ ಉಪ್ಪನ್ನೂ ಇಳಿಸಿದಾಗ ಬಿಪಿ ಇನ್ನೂ ಇಳಿಯಿತು.

ಇದರ ಹಿಂದೆ ಪೊಟ್ಯಾಸಿಯಂ ಕೈವಾಡ ದೊಡ್ಡದು. ಸೋಡಿಯಂ ದೇಹದಲ್ಲಿ ನೀರು ಹಿಡಿದಿಡುತ್ತದೆ. ಪೊಟ್ಯಾಸಿಯಂ ಕಿಡ್ನಿಯ ಮೂಲಕ ಸೋಡಿಯಂ ಹೊರಹೋಗಲು ನೆರವಾಗುತ್ತದೆ, ರಕ್ತನಾಳಗಳ ಬಿಗಿಯನ್ನೂ ಸಡಿಲಿಸುತ್ತದೆ. ಹಣ್ಣು, ಕಾಳು, ಸೊಪ್ಪುಗಳಲ್ಲಿ ಅದು ಧಾರಾಳ. ಹಾಗಿದ್ದರೆ ಉಪ್ಪಿನ ಡಬ್ಬಿಯೊಳಗೇ ಸೋಡಿಯಂ ಸ್ವಲ್ಪ ತೆಗೆದು ಪೊಟ್ಯಾಸಿಯಂ ಹಾಕಿದರೆ?

ಚೀನಾದ 600 ಹಳ್ಳಿಗಳಲ್ಲಿ ಇದನ್ನೇ ಮಾಡಿ ನೋಡಿದರು. ಪಾರ್ಶ್ವವಾಯು ಆಗಿದ್ದವರು ಅಥವಾ 60 ದಾಟಿ ಬಿಪಿ ಇದ್ದವರು, ಒಟ್ಟು ಸುಮಾರು 21,000 ಜನ. ಅರ್ಧ ಹಳ್ಳಿಗಳಿಗೆ 75% ಮಾಮೂಲಿ ಉಪ್ಪು, 25% ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು. ಉಳಿದವರು ಎಂದಿನ ಉಪ್ಪು. ಅಡುಗೆ ಬದಲಿಸಿ ಅಂತ ಯಾರಿಗೂ ಹೇಳಲಿಲ್ಲ. ಸುಮಾರು ಐದು ವರ್ಷದ ಕೊನೆಗೆ ಪಾರ್ಶ್ವವಾಯು 14%, ಒಟ್ಟು ಸಾವು 12% ಕಡಿಮೆ. 2021ರಲ್ಲಿ ಈ ವರದಿ ಬಂದಾಗ ನನ್ನನ್ನು ಬೆರಗಾಗಿಸಿದ್ದು ಈ ಸಂಖ್ಯೆಗಳಲ್ಲ, ಜನರಿಂದ ಕೇಳಿದ ತ್ಯಾಗ ಎಷ್ಟು ಕಡಿಮೆ ಅನ್ನುವುದು. ಯಾರೂ ಏನನ್ನೂ ಬಿಡಲಿಲ್ಲ, ಡಬ್ಬಿಯಲ್ಲಿದ್ದದ್ದು ಬದಲಾಯಿತು. ವಿಶ್ವ ಆರೋಗ್ಯ ಸಂಸ್ಥೆಯೂ 2025ರ ಜನವರಿಯಲ್ಲಿ ಇಂಥ ಉಪ್ಪಿನ ಪರವಾಗಿ ಮಾರ್ಗಸೂಚಿ ಕೊಟ್ಟಿದೆ. ಆದರೆ ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು, ಮಕ್ಕಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಕಿಡ್ನಿ ಸರಿಯಿಲ್ಲದಿದ್ದರೆ ಪೊಟ್ಯಾಸಿಯಂ ರಕ್ತದಲ್ಲಿ ಶೇಖರವಾಗಿ ಹೃದಯದ ಬಡಿತವನ್ನೇ ಕೆಡಿಸಬಹುದು. ಕೆಲವು ಬಿಪಿ ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ. ವೈದ್ಯರನ್ನು ಕೇಳದೆ ಈ ಉಪ್ಪು ಕೊಳ್ಳಬೇಡಿ.

ಈ ಉಪಾಯ ನಡೆಯುವುದು ಉಪ್ಪು ಮನೆಯ ಡಬ್ಬಿಯಿಂದ ಬರುವ ಕಡೆ ಮಾತ್ರ. ಅಮೆರಿಕದಂಥ ದೇಶದಲ್ಲಿ ಸುಮಾರು 70% ಸೋಡಿಯಂ ಪ್ಯಾಕೆಟ್ ತಿನಿಸು ಮತ್ತು ಹೋಟೆಲ್ ಊಟದಿಂದ ಬರುತ್ತದೆ. ಅಲ್ಲಿ ಮನೆಯ ಡಬ್ಬಿ ಬದಲಿಸಿ ಏನು ಪ್ರಯೋಜನ? ಬ್ರಿಟನ್ ಬೇರೆ ದಾರಿ ಹಿಡಿಯಿತು. ಬ್ರೆಡ್ ಮುಂತಾದ ತಿನಿಸುಗಳಲ್ಲಿ ಉಪ್ಪನ್ನು ಸ್ವಲ್ಪ ಸ್ವಲ್ಪವೇ ಇಳಿಸುವಂತೆ ತಯಾರಕರಿಗೆ ಗುರಿ ಕೊಟ್ಟಿತು. ಜನರಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. 2000ದ ಸುಮಾರಿಗೆ ದಿನಕ್ಕೆ 9.5 ಗ್ರಾಂ ಇದ್ದ ಸರಾಸರಿ 2011ಕ್ಕೆ 8.1 ಗ್ರಾಂಗೆ ಬಂತು. ನಾಲಿಗೆ ಇದಕ್ಕೆ ಸಹಕರಿಸುತ್ತದೆ. ಕಡಿಮೆ ಉಪ್ಪಿಗೆ ಅದು ಕೆಲವು ವಾರಗಳಿಂದ ಎರಡು ಮೂರು ತಿಂಗಳಲ್ಲಿ ಹೊಂದಿಕೊಳ್ಳುತ್ತದೆ. ಆಮೇಲೆ ಹಳೆಯ ಅಳತೆಯೇ ಜಾಸ್ತಿ ಅನ್ನಿಸುತ್ತದೆ.

ಒಬ್ಬರಿಂದ ಆಗದ ಕೆಲಸ

ಇಡೀ ಪ್ರದೇಶವೊಂದು ಊಟ ಬದಲಿಸಿದ ಉದಾಹರಣೆ ಇದೆಯೇ? ಇದೆ. 1970ರ ಸುಮಾರಿಗೆ ಫಿನ್‌ಲೆಂಡಿನ ಗಂಡಸರು ಹೃದಯದ ಕಾಯಿಲೆಯಿಂದ ಸಾಯುವುದರಲ್ಲಿ ಜಗತ್ತಿನಲ್ಲೇ ಮುಂದಿದ್ದರು. ಅದರಲ್ಲೂ ಪೂರ್ವದ ಉತ್ತರ ಕರೇಲಿಯಾ ಪ್ರಾಂತ್ಯ. ಹೈನುಗಾರಿಕೆಯ ನಾಡು. ಬ್ರೆಡ್ಡಿಗೆ ದಪ್ಪಗೆ ಬೆಣ್ಣೆ, ಕೆನೆ ಹಾಲು, ಉಪ್ಪು, ಸಿಗರೇಟು. ತರಕಾರಿ ದನಕರುಗಳಿಗೆ ಅನ್ನುವ ಧೋರಣೆ. 1971ರಲ್ಲಿ ಪ್ರಾಂತ್ಯದ ಮುಖಂಡರೇ ಸರ್ಕಾರಕ್ಕೆ ಮನವಿ ಕೊಟ್ಟರು. ಮರುವರ್ಷ ಪೆಕ್ಕಾ ಪುಸ್ಕಾ ಎಂಬ ಯುವ ವೈದ್ಯರ ಮುಂದಾಳತ್ವದಲ್ಲಿ ಯೋಜನೆ ಶುರುವಾಯಿತು.

ಕರಪತ್ರ ಹಂಚಿ ಪುಸ್ಕಾ ಸುಮ್ಮನಾಗಲಿಲ್ಲ. ಮಾರ್ಥಾ ಎಂಬ ಗೃಹಿಣಿಯರ ಸಂಘ ಹಳ್ಳಿಗಳಲ್ಲಿ ಅಡುಗೆ ಕೂಟಗಳನ್ನು ನಡೆಸಿತು. ಹಳೆಯ ಅಡುಗೆಗಳನ್ನೇ ತರಕಾರಿ ಹೆಚ್ಚಿಸಿ, ಕೊಬ್ಬು ಇಳಿಸಿ ಮಾಡಿ ಬಡಿಸಿದರು. ಸಾಸೇಜ್ ತಯಾರಕರನ್ನು ಒಪ್ಪಿಸಿ ಕೊಬ್ಬು ಕಡಿಮೆ ಮಾಡಿಸಿ ಅಣಬೆ ಸೇರಿಸಿದರು. ಕೊಲೆಸ್ಟ್ರಾಲ್ ಇಳಿಸಲು ಹಳ್ಳಿಹಳ್ಳಿಗಳ ನಡುವೆ ಸ್ಪರ್ಧೆ ಇಟ್ಟರು. ಬೆಣ್ಣೆ ಬಿಟ್ಟರೆ ಹೈನುಗಾರರ ಹೊಟ್ಟೆಪಾಡೇನು? ಆ ಚಳಿ ನಾಡಿನಲ್ಲಿ ಚೆನ್ನಾಗಿ ಬೆಳೆಯುವ ಬೆರ್ರಿ ಹಣ್ಣುಗಳ ಕೃಷಿಗೆ ಅವರು ಹೊರಳಲು ನೆರವು ಸಿಕ್ಕಿತು. ದೇಶದ ಹವೆಗೆ ಒಗ್ಗುವ, ಸಾಸಿವೆ ಜಾತಿಯ ರೇಪ್‌ಸೀಡ್ ಬೆಳೆದು ಎಣ್ಣೆ ತೆಗೆದರು. ಊಟದಲ್ಲಿ ಬಿಟ್ಟ ಜಾಗಕ್ಕೂ ಬದಲಿ, ದುಡಿಮೆಯಲ್ಲಿ ಬಿಟ್ಟ ಜಾಗಕ್ಕೂ ಬದಲಿ. ಮುಂದಿನ ನಾಲ್ಕು ದಶಕಗಳಲ್ಲಿ ಅಲ್ಲಿ ದುಡಿಯುವ ವಯಸ್ಸಿನ ಗಂಡಸರ ಹೃದ್ರೋಗದ ಸಾವು 80%ಕ್ಕೂ ಹೆಚ್ಚು ಕುಸಿಯಿತು. ಸಿಗರೇಟು ಕಡಿಮೆಯಾದದ್ದು, ಚಿಕಿತ್ಸೆ ಸುಧಾರಿಸಿದ್ದು ಎರಡಕ್ಕೂ ಇದರಲ್ಲಿ ಪಾಲಿದೆ. ಆದರೆ ಎಲ್ಲಕ್ಕಿಂತ ದೊಡ್ಡ ಪಾಲು ಕೊಲೆಸ್ಟ್ರಾಲ್ ಇಳಿದದ್ದರದ್ದು ಅಂತ ವಿಶ್ಲೇಷಣೆಗಳು ಹೇಳುತ್ತವೆ.

ಅಲ್ಲಿಯಷ್ಟು ಅದೃಷ್ಟ ಎಲ್ಲರಿಗೂ ಇರುವುದಿಲ್ಲ. ಸುತ್ತಮುತ್ತ ಏನೂ ಬದಲಾಗದೆ ಒಬ್ಬರೇ ಬದಲಾಗಬೇಕಾದ ಸ್ಥಿತಿಯೇ ಜಾಸ್ತಿ. ಅಂಥವರು ಎಲ್ಲಿಂದ ಶುರು ಮಾಡಬೇಕು? ನೀವು ದಿನವೂ ಯೋಚಿಸದೆ ತಿನ್ನುವ ಎರಡು ಮೂರು ಪದಾರ್ಥಗಳನ್ನು ಮೊದಲು ನೋಡಿ. ವರ್ಷಕ್ಕೆ ನಾಲ್ಕು ಸಲ ತಿನ್ನುವ ಹಬ್ಬದ ಸಿಹಿಯನ್ನು ಬಿಟ್ಟು ಹೃದಯಕ್ಕೆ ಏನೂ ದಕ್ಕುವುದಿಲ್ಲ. ಅಡುಗೆ ಎಣ್ಣೆ, ಸಂಜೆಯ ತಿಂಡಿ, ಕುಡಿಯುವ ಪಾನೀಯ, ಊಟದ ಮುಖ್ಯ ಧಾನ್ಯ, ಇವು ದಿನವೂ ಬರುತ್ತವೆ. ಬಿಸ್ಕೆಟಿನ ಬದಲು ಒಂದು ಹಿಡಿ ಉಪ್ಪಿಲ್ಲದ ಬೀಜ. ಬಿಳಿ ಧಾನ್ಯದ ಅರ್ಧಕ್ಕೆ ಇಡಿ ಧಾನ್ಯ. ವಾರದಲ್ಲಿ ಕೆಲವು ಊಟಗಳಲ್ಲಿ ಮಾಂಸದ ಬದಲು ಕಾಳು. ಬದಲಿ ಏನೆಂದು ಮೊದಲೇ ಗೊತ್ತು ಮಾಡಿಕೊಂಡು ಮನೆಯಲ್ಲಿ ತಂದಿಟ್ಟುಕೊಳ್ಳಿ. ಹಸಿವಾದ ಮೇಲೆ ಯೋಚಿಸಲು ಕೂತರೆ ಕೈಗೆ ಸಿಗುವುದು ಬಿಸ್ಕೆಟ್ಟೇ. ಮದ್ಯವನ್ನು ಹೃದಯದ ಹೆಸರಿನಲ್ಲಿ ಶುರು ಮಾಡಬೇಡಿ. ಹೃದಯಕ್ಕೆ ಒಳ್ಳೆಯದಾಗುವ ಮದ್ಯದ ಪ್ರಮಾಣ ಯಾವುದೂ ಇಲ್ಲ ಅಂತ ವರ್ಲ್ಡ್ ಹಾರ್ಟ್ ಫೆಡರೇಶನ್ 2022ರಲ್ಲೇ ಹೇಳಿದೆ.

ಪ್ಯಾಕೆಟ್ ಕೊಳ್ಳುವಾಗ ಮುಂಭಾಗದ ಚಿತ್ರ ನೋಡಬೇಡಿ, ತಿರುಗಿಸಿ. 'ಒಂದು ಸರ್ವಿಂಗ್' ಲೆಕ್ಕ ಬೇಡ, ಅದನ್ನು ಕಂಪನಿ ತನಗೆ ಬೇಕಾದಷ್ಟು ಚಿಕ್ಕದು ಮಾಡಿಕೊಳ್ಳಬಹುದು. 100 ಗ್ರಾಂ ಲೆಕ್ಕ ನೋಡಿ. ಸೋಡಿಯಂ ಸಂಖ್ಯೆಯನ್ನು 2.5ರಿಂದ ಗುಣಿಸಿದರೆ ಉಪ್ಪು ಸಿಗುತ್ತದೆ. 800 ಮಿಲಿಗ್ರಾಂ ಸೋಡಿಯಂ ಅಂದರೆ 2 ಗ್ರಾಂ ಉಪ್ಪು. ಬ್ರಿಟನ್ನಿನ ಬಣ್ಣದ ಗುರುತಿನ ಪದ್ಧತಿಯಲ್ಲಿ 100 ಗ್ರಾಂಗೆ 1.5 ಗ್ರಾಂ ಉಪ್ಪು ಅಥವಾ 5 ಗ್ರಾಂ ಸ್ಯಾಚುರೇಟೆಡ್ ಕೊಬ್ಬು ದಾಟಿದರೆ ಕೆಂಪು. ಎಲ್ಲಿ ಕೊಂಡರೂ ಈ ಎರಡು ಸಂಖ್ಯೆ ನೆನಪಿದ್ದರೆ ಸಾಕು.

ಬದಲಾವಣೆಯ ಫಲ ಕಾಣಲು ವರ್ಷ ಕಾಯಬೇಕಿಲ್ಲ. ಬಿಪಿ ಕೆಲವೇ ವಾರಗಳಲ್ಲಿ ಉತ್ತರ ಕೊಡುತ್ತದೆ. ಎಲ್‌ಡಿಎಲನ್ನು 6ರಿಂದ 12 ವಾರಗಳ ನಂತರ ಮತ್ತೆ ಪರೀಕ್ಷೆ ಮಾಡಿಸಿ. ಔಷಧಿ ತೆಗೆದುಕೊಳ್ಳುತ್ತಿರುವವರು ಒಮ್ಮೆಲೇ ಊಟ ಬದಲಿಸುವ ಮುಂಚೆ ವೈದ್ಯರಿಗೆ ಹೇಳಲೇಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರು ಇದ್ದಕ್ಕಿದ್ದಂತೆ ಸೊಪ್ಪು ಹೆಚ್ಚಿಸಿದರೆ ಅದರ ವಿಟಮಿನ್ ಕೆ ಔಷಧಿಯ ಪರಿಣಾಮವನ್ನು ಕುಗ್ಗಿಸುತ್ತದೆ. ಕೆಲವು ಸ್ಟಾಟಿನ್‌ಗಳ ಜೊತೆ ಗ್ರೇಪ್‌ಫ್ರೂಟ್ ಆಗುವುದಿಲ್ಲ. ಬಿಪಿ ಇಳಿಯಿತು ಅಂತ ಮಾತ್ರೆಯನ್ನು ತಾವೇ ನಿಲ್ಲಿಸುವುದಂತೂ ಬೇಡವೇ ಬೇಡ.

ಇಷ್ಟೆಲ್ಲ ಮಾಡಿಯೂ ಎಲ್‌ಡಿಎಲ್ ಪ್ರತಿ ಡೆಸಿಲೀಟರಿಗೆ 190 ಮಿಲಿಗ್ರಾಂನ ಮೇಲೆಯೇ ಕೂತಿದ್ದರೆ ಊಟವನ್ನು ಬೈಯಬೇಡಿ, ನಿಮ್ಮನ್ನೂ ಬೈದುಕೊಳ್ಳಬೇಡಿ. ಸುಮಾರು 300 ಜನರಲ್ಲಿ ಒಬ್ಬರಿಗೆ ಲಿವರಿನ ಆ ಗ್ರಾಹಕಗಳೇ ಹುಟ್ಟಿನಿಂದ ಸರಿಯಾಗಿ ಕೆಲಸ ಮಾಡುವುದಿಲ್ಲ. ಇದು ವಂಶದಿಂದ ಬರುವ ತೊಂದರೆ. ಇಂಥವರಿಗೆ ಎಷ್ಟು ಒಳ್ಳೆಯ ಊಟವೂ ಒಂದೇ ಸಾಲದು, ಔಷಧಿ ಬೇಕು. ಮಕ್ಕಳಿಗೆ ಮತ್ತು ಒಡಹುಟ್ಟಿದವರಿಗೂ ರಕ್ತ ಪರೀಕ್ಷೆ ಮಾಡಿಸಬೇಕು, ಏಕೆಂದರೆ ಅವರಲ್ಲಿ ಪ್ರತಿಯೊಬ್ಬರಿಗೂ ಅದು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ.